ಹತ್ತರವರೆಗೆ ಎಣಿಸಿ

ಕಾರಿನ ಬಾಗಿಲು ತೆರೆದ ಕೂಡಲೇ ನಿಮ್ಮ ಕನ್ನಡಕ ಕುರುಡಾಗುತ್ತದೆ. ಒಳಗಿನ ಎಸಿಯ ತಂಪಿಗೂ ಹೊರಗಿನ ಹಬೆಗೂ ಅಷ್ಟು ಅಂತರ. ಕನ್ನಡಕ ಮಂಜಾದರೆ ಲೆನ್ಸೂ ಮಂಜಾಯಿತು ಅಂತಲೇ ಲೆಕ್ಕ. ಉಡುಪಿ ದಾಟಿದ ಮೇಲೆ ಎಸಿ ಆರಿಸಿಬಿಡಿ ಅಂದಿದ್ದೆ, ನೀವು ಕೇಳಲಿಲ್ಲ. ಇನ್ನು ಹತ್ತು ನಿಮಿಷ ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯುವ ಹಾಗಿಲ್ಲ. ಆ ಹತ್ತು ನಿಮಿಷ ಕಿವಿಗೂ ಮೂಗಿಗೂ ಕೆಲಸ ಕೊಡಿ.

ಎಡಗಿವಿಗೆ ಕಡಲು ಬೀಳುತ್ತಿದೆ. ಬೀಳುವುದು ಅನ್ನುವುದೇ ಸರಿ, ಎತ್ತರದಿಂದ ಕಲ್ಲಿನ ಮೇಲೆ ಅಕ್ಕಿಮೂಟೆ ಕೆಡವಿದ ಹಾಗೆ. ಬಲಗಿವಿಯಲ್ಲಿ ಏನೂ ಇಲ್ಲ. ಆ ಕಡೆ ಸೌಪರ್ಣಿಕೆ ಇದ್ದಾಳೆ, ಕೊಲ್ಲೂರಿನಿಂದ ಇಳಿದು ಬಂದವಳು. ಕಡಲಿಗೆ ನೂರು ಮೀಟರಿನಷ್ಟು ಹತ್ತಿರ ಬಂದು, ಸೇರದೆ, ತಿರುಗಿ, ಗಂಗೊಳ್ಳಿಯವರೆಗೆ ಹೋಗಿ ಸೇರುತ್ತಾಳೆ. ಮಳೆಗಾಲದ ತುಂಬುನೀರಿನಲ್ಲೂ ಇಲ್ಲಿ ಅವಳದ್ದು ಒಂದು ಸೊಲ್ಲಿಲ್ಲ. ಈ ಎರಡು ನೀರಿನ ನಡುವೆ ಒದ್ದೆ ಟಾರು ಸಿಗಿಯುತ್ತ ಗ್ಯಾಸ್ ಟ್ಯಾಂಕರುಗಳು, ಬಸ್ಸುಗಳು, ಹೊರರಾಜ್ಯದ ಲಾರಿಗಳು ಓಡುತ್ತಿವೆ. ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ ಹೆದ್ದಾರಿ 66. ಹಳಬರ ಬಾಯಲ್ಲಿ ಇನ್ನೂ ಹದಿನೇಳು. ನೀವು ಮರವಂತೆಯಲ್ಲಿ ನಿಂತಿದ್ದೀರಿ. ಕರ್ಕಾಟಕ ಅಮಾವಾಸ್ಯೆಗೆ ಇನ್ನು ಎರಡು ದಿನ. ಬೆಳಗಿನ ಎಂಟೂವರೆ. ಹತ್ತರ ಸುಮಾರಿಗೆ ಭರತ.

ಮೂಗಿಗೆ ಮೊದಲು ಡೀಸೆಲ್, ಆಮೇಲೆ ಕೊಳೆತ ಪಾಚಿ, ಅದರಡಿಯಲ್ಲಿ ಎಲ್ಲೋ ಒಂದೆಳೆ ಶುಂಠಿ ಚಹಾ. ತುಟಿ ಸವರಿಕೊಳ್ಳಿ. ಉಪ್ಪು. ನೀರು ನಿಮ್ಮನ್ನು ಮುಟ್ಟಿಯೇ ಇಲ್ಲ, ಆದರೂ ಉಪ್ಪು ಬಂದು ಕೂತಾಗಿದೆ. ಲೆನ್ಸಿನ ಮೇಲೂ ಹೀಗೇ ಕೂರುತ್ತದೆ.

ಈಗ ಕ್ಯಾಮೆರಾ ತೆಗೆಯಬಹುದು. ಅದಕ್ಕೆ ಬಟ್ಟೆಯಂಗಡಿಯ ಒಂದು ತೊಟ್ಟೆ ಕಟ್ಟಿ, ಲೆನ್ಸಿನ ಮೂತಿಗೆ ರಬ್ಬರ್ ಬ್ಯಾಂಡ್ ಬಿಗಿಯಿರಿ. ಸಾವಿರಾರು ರೂಪಾಯಿಯ ಮಳೆಯಂಗಿಗಳು ಮಾರುಕಟ್ಟೆಯಲ್ಲಿವೆ. ಈ ಕಡಲಿನೆದುರು ನನಗೆ ತೊಟ್ಟೆಯಷ್ಟು ನಂಬಿಕೆಯದು ಇನ್ನೊಂದು ಸಿಕ್ಕಿಲ್ಲ.

ಮೊದಲ ಚಿತ್ರ ತಾನಾಗಿ ಬರುತ್ತದೆ. ರಸ್ತೆಗೆ ಬೆನ್ನು ಹಾಕಿ, ಕಲ್ಲುಗಳ ತುದಿ ಕಾಣದಷ್ಟು ಮೇಲೆತ್ತಿ, ಬೂದುಬಣ್ಣದ ಕಡಲು, ಅದಕ್ಕಿಂತ ಒಂದು ಮುಷ್ಟಿ ತಿಳಿಯಾದ ಆಕಾಶ. ಕ್ಲಿಕ್. ಚೆನ್ನಾಗಿದೆ. ಜಗತ್ತು ಹುಟ್ಟಿದ ದಿನ ಹೀಗೇ ಇದ್ದಿರಬೇಕು ಅನ್ನಿಸುತ್ತದೆ. ನಿಮ್ಮ ಹಿಮ್ಮಡಿಯಿಂದ ನಾಲ್ಕು ಮಾರು ಹಿಂದೆ ಹದಿನೆಂಟು ಟನ್ನಿನ ಟ್ಯಾಂಕರೊಂದು ಹಾರ್ನು ಹೊಡೆಯುತ್ತ ಹೋದದ್ದು ಅದರಲ್ಲಿ ಇಲ್ಲ. ಅಳಿಸಿಬಿಡಿ. ಇಂಥ ಚಿತ್ರ ನನ್ನ ಹತ್ತಿರ ನೂರಿವೆ, ಮದುವೆಯ ಕರೆಯೋಲೆಗೂ ಕ್ಯಾಲೆಂಡರಿಗೂ ಕೊಟ್ಟಿದ್ದೇನೆ, ಒಂದೂ ಮರವಂತೆಯದ್ದಲ್ಲ.

ಎರಡನೆಯ ಸುಲಭದ ದಾರಿ ಡ್ರೋನು. ಅದು ಮೇಲೇರಿದರೆ ಎರಡು ನೀರೂ ನಡುವಿನ ರಸ್ತೆಯೂ ಒಂದೇ ಚಿತ್ರದಲ್ಲಿ ಬಂದು ಕೂರುತ್ತವೆ. ಈ ಊರನ್ನು ಲೋಕಕ್ಕೆಲ್ಲ ತೋರಿಸಿದ್ದು ಆ ಚಿತ್ರವೇ. ಆದರೆ ಅಷ್ಟೆತ್ತರದಿಂದ ನೋಡಿದರೆ ತಡೆಗೋಡೆ ಸೀರೆಯ ಕಪ್ಪಂಚು. ಕಲ್ಲಿನ ಸಂದಿಯಲ್ಲಿ ಸಿಕ್ಕಿಬಿದ್ದ ಥರ್ಮೋಕೋಲು, ಒಂಟಿ ಚಪ್ಪಲಿ, ಬಿಯರ್ ಬಾಟಲಿ, ಹರಿದ ಬಲೆಯ ಚೂರು ಕಾಣುವುದಿಲ್ಲ. ಸದ್ದಿಲ್ಲ, ವಾಸನೆಯಿಲ್ಲ. ಭಯವಂತೂ ಮೊದಲೇ ಇಲ್ಲ. ನಿಮಗೆ ಬೇಕಾದದ್ದು ಮನುಷ್ಯನ ಕಣ್ಣಿನ ಎತ್ತರದಿಂದ ಕಾಣುವ ಮರವಂತೆ. ಕಡಲು, ಕಲ್ಲು, ರಸ್ತೆ, ಹೊಳೆ ನಾಲ್ಕೂ ಒಂದನ್ನೊಂದು ಒತ್ತಿಕೊಂಡು ನಿಂತದ್ದು.

ಹಾಗೆ ಕಾಣುವ ಜಾಗ ಒಂದೇ. ದಡದಿಂದ ಕಡಲೊಳಗೆ ಚಾಚಿ ತುದಿಯಲ್ಲಿ ಎರಡೂ ಕಡೆಗೆ ಕೈ ಚಾಚಿರುವ ಆ ಕಲ್ಲಿನ ದಿಬ್ಬ ನೋಡಿ. ಗ್ರೋಯ್ನ್ ಅನ್ನುತ್ತಾರೆ ಇಂಜಿನಿಯರುಗಳು. ಇಂಗ್ಲಿಷಿನ ಟಿ ಅಕ್ಷರದ ಆಕಾರ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಇಲ್ಲಿ ಇಂಥವನ್ನು ಸಾಲಾಗಿ ಕಟ್ಟಿದರು. ಅದರ ತುದಿಗೆ ಹೋಗಿ, ತಿರುಗಿ, ಊರಿನ ಕಡೆ ಮುಖ ಮಾಡಿ ನಿಲ್ಲಬೇಕು. ಬೆಳಗಿನ ಸೂರ್ಯ ಮೋಡದ ಹಿಂದೆ ಘಟ್ಟದ ಮೇಲಿದ್ದಾನೆ. ಒಂದು ಗಳಿಗೆ ಅವನು ಇಣುಕಿದರೂ ರಸ್ತೆಯ ಆಚೆ ಹೊಳೆ ಹೊಳೆಯುತ್ತದೆ.

ಊರಿನ ಕಡೆ ಮುಖ ಅಂದರೆ ಕಡಲಿಗೆ ಬೆನ್ನು. ಅದು ನಿಮಗೆ ಈಗಷ್ಟೇ ಹೊಳೆಯುತ್ತಿದೆ.

"ಹ್ವಾಯ್! ಎಲ್ಲಿಗ್ ಹೊರ್ಟದ್?"

ತಲೆಗೆ ಬೈರಾಸು ಸುತ್ತಿದ ಮುದುಕರು. ಎಪ್ಪತ್ತು ದಾಟಿರಬೇಕು. ಮೊಣಕಾಲಿಗಿಂತ ಮೇಲೆ ಕಟ್ಟಿದ ಲುಂಗಿ, ಕೈಯಲ್ಲಿ ಬಲೆ ಹೆಣೆಯುವ ನೂಲಿನುಂಡೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಇಳಿಯುವಂತಿಲ್ಲ, ನಾಡದೋಣಿ ಇಳಿಸಲು ಇಂದಿನ ಕಡಲು ಬಿಡುವುದಿಲ್ಲ. ಹಾಗಾಗಿ ಅವರಿಗೆ ಪುರುಸೊತ್ತಿದೆ. ನೀವು ತುದಿ ತೋರಿಸುತ್ತೀರಿ. ಅವರು ನಿಮ್ಮ ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ.

"ಶೂಸ್ ಬಿಚ್ಚಿ. ಪಾಚಿ ಇತ್ತ್, ಜಾರತ್ತ್. ಕಾಲಿಗೆ ಬುದ್ಧಿ ಇತ್ತ್, ಶೂಸಿಗಿಲ್ಲೆ."

ಬಿಚ್ಚುತ್ತೀರಿ. ತಣ್ಣಗಿನ ಕಲ್ಲು ಅಂಗಾಲಿಗೆ ಹತ್ತಿದ ಕೂಡಲೇ ಹೊಟ್ಟೆಯೊಳಗೆ ಏನೋ ಸಣ್ಣಗಾಗುತ್ತದೆ.

"ಎಂತಕ್ಕೆ ಹೋಪುದ್ ಅಲ್ಲಿಗೆ?"

"ಹೊಳೆಯೂ ಕಡಲೂ ಒಟ್ಟಿಗೆ ಬರಬೇಕು ಅಜ್ಜ, ಒಂದೇ ಫೋಟೋದಲ್ಲಿ."

ಇದು ಅವರಿಗೆ ಹುಚ್ಚು ಅನ್ನಿಸುವುದಿಲ್ಲ, ಆಶ್ಚರ್ಯ ನಿಮಗೆ. ಅಮಾವಾಸ್ಯೆಯ ದಿನ ಇಲ್ಲಿ ಮಾರಸ್ವಾಮಿ ದೇವಸ್ಥಾನಕ್ಕೆ ಬರುವ ಜನ ಕಡಲಲ್ಲೂ ಮೀಯುತ್ತಾರೆ, ರಸ್ತೆ ದಾಟಿ ಹೊಳೆಯಲ್ಲೂ ಮೀಯುತ್ತಾರೆ. ಎರಡೂ ಒಟ್ಟಿಗೆ ಬೇಕು ಅನ್ನುವುದು ಅವರಿಗೆ ಗೊತ್ತಿರುವ ಮಾತು. ಅವರು ಕಡಲಿನತ್ತ ಸ್ವಲ್ಪ ಹೊತ್ತು ನೋಡುತ್ತಾರೆ, ಬ್ಯಾಂಕಿನ ಗುಮಾಸ್ತರು ಅರ್ಜಿ ನೋಡುವ ಹಾಗೆ.

"ನಾ ಇಲ್ಲ್ ಬುಡದಂಗೆ ನಿಂತ್ಕಂತೆ. ನನ್ನೇ ಕಾಣ್ತಾ ಇರಿ. ಕೈ ಎತ್ತಿದ್ರೆ ಕೂಕಣಿ. ಓಡ್ಬೇಡಿ, ಕೂಕಣಿ. ತಿಳೀತಾ?"

ತಿಳಿಯಿತು. ಕೂರಬೇಕು, ಓಡಬಾರದು.

ಹೆಜ್ಜೆ ಇಡಿ. ಒಂದೊಂದು ಕಲ್ಲೂ ಕ್ರೇನಿನಲ್ಲಿ ತಂದಿಟ್ಟದ್ದು, ಮೇಜಿನಷ್ಟು, ಕೆಲವು ಮಂಚದಷ್ಟು. ಮೇಲಿನದು ಒಣಗಿ ಒರಟಾಗಿದೆ, ಅಂಗಾಲು ನಂಬುತ್ತದೆ. ಪಕ್ಕದ್ದು ಹಸಿರು, ಅದನ್ನು ಬಿಡಿ. ಸಂದಿಯೊಳಗೆ ಏಡಿಯೊಂದು ಅಡ್ಡಡ್ಡ ಓಡಿ ಮಾಯವಾಗುತ್ತದೆ. ನಡುವೆ ಒಮ್ಮೆ ಕಲ್ಲು ಅಲುಗುತ್ತದೆ. ಸಡಿಲಾದ ಹಲ್ಲನ್ನು ನಾಲಿಗೆ ದೂಡಿದಾಗ ಅಲುಗುವಷ್ಟೇ. ಅದು ನಿಮ್ಮ ಭಾರಕ್ಕಲ್ಲ, ಅಡಿಯಲ್ಲಿ ನುಗ್ಗಿದ ನೀರಿಗೆ. ಎರಡೂ ಕೈ ಊರುತ್ತೀರಿ. ಕ್ಯಾಮೆರಾ ಎದೆಗೆ ಬಡಿಯುತ್ತದೆ.

ಎಡಕ್ಕೂ ಬಲಕ್ಕೂ ನೋಡಿ, ಈ ದಿಬ್ಬಗಳು ಮಾಡುವ ಕೆಲಸ ಅಲ್ಲಿದೆ. ತೆರೆಗಳು ದಡಕ್ಕೆ ನೇರ ಬರುವುದಿಲ್ಲ, ಓರೆಯಾಗಿ ಬರುತ್ತವೆ, ಬಂದಾಗಲೆಲ್ಲ ಹಿಡಿ ಹೊಯ್ಗೆಯನ್ನು ಪಕ್ಕಕ್ಕೆ ಸರಿಸುತ್ತವೆ. ಕರಾವಳಿಯ ಉದ್ದಕ್ಕೂ ಹೊಯ್ಗೆ ಹೀಗೆ ನಡೆಯುತ್ತಲೇ ಇರುತ್ತದೆ. ದಿಬ್ಬ ಅದನ್ನು ಅಡ್ಡಗಟ್ಟಿ ತನ್ನ ಮಗ್ಗುಲಲ್ಲಿ ಕೂರಿಸಿಕೊಳ್ಳುತ್ತದೆ. ಇಲ್ಲಿ ಕೂತದ್ದು ಮುಂದಿನ ಊರಿಗೆ ಹೋಗಬೇಕಾದದ್ದು, ಮುಂದಿನ ಊರು ತನಗೂ ಕಲ್ಲು ಕೇಳುತ್ತದೆ. ಬರಿಯ ತಡೆಗೋಡೆಯ ಕತೆ ಬೇರೆ. ಅಲೆ ಅದಕ್ಕೆ ಬಡಿದು ಕೆಳಮುಖವಾಗಿ ತಿರುಗುತ್ತದೆ, ಗೋಡೆಯ ಬುಡವನ್ನೇ ಕೆರೆಯುತ್ತದೆ, ಕಲ್ಲು ಕುಸಿಯುತ್ತದೆ, ಮತ್ತೆ ಲಾರಿ ಬರುತ್ತದೆ. ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ಅಳೆದಾಗ ಭಾರತದ ಮುಖ್ಯ ಭೂಭಾಗದ ತೀರದಲ್ಲಿ ಶೇಕಡಾ 33.6 ಕೊರೆದುಹೋಗುತ್ತಿತ್ತು, ಶೇಕಡಾ 26.9 ಬೆಳೆಯುತ್ತಿತ್ತು. ಒಂದು ಕಡೆಯ ಅಂಗಳ ಇನ್ನೊಂದು ಕಡೆಯ ಅಂಗಳವಾಗುತ್ತಿದೆ ಅಂತ ನಾನು ಓದಿಕೊಂಡೆ.

ಕಾನೂನೂ ಇದೆ. 1991ರಿಂದ ಈಚಿನ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು ಭರತದ ಗೆರೆಯಿಂದ ನೆಲದ ಕಡೆಗೆ 500 ಮೀಟರ್ ಅಳೆಯುತ್ತವೆ. ಇಲ್ಲಿ ಅಳೆಯಲು ಹೊರಟರೆ ಟೇಪು ಹೆದ್ದಾರಿ ದಾಟಿ ಹೊಳೆಯೊಳಗೆ ಬೀಳುತ್ತದೆ.

ತುದಿ ಬಂತು. ತಿರುಗಿ.

ಕುತ್ತಿಗೆಯ ಹಿಂದಿನ ಕೂದಲು ನಿಮಿರುತ್ತದೆ. ಎದುರಿಗಿದ್ದಾಗ ಕಡಲು ನೋಟ, ಬೆನ್ನಿಗೆ ಬಂದ ಕೂಡಲೇ ಅದು ಯಾರೋ ಒಬ್ಬ. ಉಸಿರಾಡುತ್ತಾನೆ, ಗಂಟಲು ಸರಿಮಾಡಿಕೊಳ್ಳುತ್ತಾನೆ. ಎಣಿಸಿ. ಒಂದು ಅಲೆ ಒಡೆದದ್ದರಿಂದ ಇನ್ನೊಂದು ಒಡೆಯುವವರೆಗೆ ಒಂಬತ್ತು. ಮತ್ತೆ ಒಂಬತ್ತು. ಹತ್ತು. ಎಣಿಕೆ ಕೈಗೆ ಸಿಕ್ಕಂತೆ ಅನ್ನಿಸುತ್ತದೆ. ಹತ್ತರೊಳಗೆ ಎದ್ದು, ಹಿಡಿದು, ಒತ್ತಿ, ಕೂತುಬಿಟ್ಟರೆ ಆಯಿತು.

ಕಣ್ಣಿಗೆ ಕ್ಯಾಮೆರಾ ಏರಿಸುತ್ತೀರಿ. ಹೊಳೆ ಇಲ್ಲ. ರಸ್ತೆಯ ಏರಿ ಅದನ್ನು ಮುಚ್ಚಿದೆ. ಕಲ್ಲು, ರಸ್ತೆ, ಆಚೆ ದಡದ ತೆಂಗು ಇಷ್ಟೇ. ಇನ್ನು ಒಂದೂವರೆ ಮೊಳ ಎತ್ತರ ಬೇಕು. ಅಂದರೆ ಆ ಕಟ್ಟಕಡೆಯ ಚೂಪುಗಲ್ಲಿನ ಮೇಲೆ ನಿಂತು, ಕ್ಯಾಮೆರಾವನ್ನು ತಲೆಯ ಮೇಲೆ ಎರಡೂ ಕೈಯಲ್ಲಿ ಎತ್ತಿ, ಕೆಳಕ್ಕೆ ಮಡಿಸಿದ ಪರದೆ ನೋಡಿ ತೆಗೆಯಬೇಕು. ಎರಡೂ ಕೈ. ಹಿಡಿದುಕೊಳ್ಳಲು ಒಂದೂ ಉಳಿಯುವುದಿಲ್ಲ.

ನಿಲ್ಲಿ, ಅದಕ್ಕೂ ಮೊದಲು ಇನ್ನೊಂದು ತೀರ್ಮಾನ ಬಾಕಿಯಿದೆ. ಯಾವ ಲೆನ್ಸು? 200 ಹಾಕಿದರೆ ದೂರವೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಸಾಧಾರಣ ಅಲೆಯೂ ಲಾರಿಯನ್ನು ನುಂಗಲು ಬಂದಂತೆ ಕಾಣುತ್ತದೆ. ಪತ್ರಿಕೆಗಳು ಮೊದಲ ಪುಟಕ್ಕೆ ಹಾಕುವ ಸುಳ್ಳು ಅದು. ಕಪ್ಪು ಫಿಲ್ಟರ್ ಹಾಕಿ ಮೂವತ್ತು ಸೆಕೆಂಡು ತೆರೆದಿಟ್ಟರೆ ಅಲೆಗಳೆಲ್ಲ ಕರಗಿ ಹಾಲಿನ ಮಂಜು, ಓಡುವ ಲಾರಿಗಳೆಲ್ಲ ಮಾಯ, ಕಲ್ಲು ತಪಸ್ಸಿಗೆ ಕೂತ ಋಷಿ. ಅದು ಹೋಟೆಲಿನ ಕೋಣೆಗೆ ತೂಗುಹಾಕುವ ಸುಳ್ಳು. ನಾನು ಎರಡನ್ನೂ ಮಾರಿದ್ದೇನೆ. ಇವತ್ತು 50 ಎಂಎಂ, ಕಣ್ಣಿಗೆ ಕಂಡಷ್ಟೇ ದೂರ, ಕಂಡಷ್ಟೇ ಹತ್ತಿರ. ಸೆಕೆಂಡಿನ 500ರಲ್ಲಿ ಒಂದು ಭಾಗ.

ಚೂಪುಗಲ್ಲು ಹತ್ತಿ. ಎಡಗಾಲ ಹೆಬ್ಬೆರಳು ಒಂದು ಬಿರುಕಿನಲ್ಲಿ, ಬಲಗಾಲ ಹಿಮ್ಮಡಿ ಗಾಳಿಯಲ್ಲಿ. ಕೈ ಎತ್ತಿ. ತೊಟ್ಟೆ ಪಟಪಟ ಬಡಿಯುತ್ತದೆ. ಪರದೆಯ ಮೇಲೆ ರಸ್ತೆ ತಗ್ಗುತ್ತದೆ, ಇನ್ನೂ ತಗ್ಗುತ್ತದೆ, ಅದರ ಹಿಂದೆ, ಹೌದು, ಬೂದಿ ಬಣ್ಣದ ಒಂದು ಗೆರೆ. ಹೊಳೆ. ಮುಂದೆ ನೊರೆ, ಕಲ್ಲು. ಚಿತ್ರದ ನಟ್ಟನಡುವೆ ಬೈರಾಸಿನ ಅಜ್ಜ, ಹೆಬ್ಬೆಟ್ಟಿನುಗುರಿನಷ್ಟು. ಇರಲಿ, ಅಳತೆ ತಿಳಿಯುತ್ತದೆ.

ಮೊದಲ ಸಲ ರಸ್ತೆ ಖಾಲಿ. ಎಂಟು, ಒಂಬತ್ತು, ಕೂರಿ. ನೊರೆ ಪಾದದವರೆಗೆ ಬಂದು ಹೋಗುತ್ತದೆ. ಎರಡನೆಯ ಸಲ ಬಸ್ಸು ಬಂತು, ಬೆಳಕಿಲ್ಲ. ಕೂರಿ. ಮೂರನೆಯ ಸಲ ಹನಿಯೊಂದು ಲೆನ್ಸಿನ ಮೇಲೆ ಕೂತು ಆಕಾಶವನ್ನೆಲ್ಲ ಕಲೆಸಿಬಿಡುತ್ತದೆ. ಒರೆಸಿ. ಒರೆಸಿದರೆ ಉಪ್ಪು ಹರಡುತ್ತದೆ. ಒಳಗಿನ ಬನಿಯನ್ನಿನ ತುದಿ ಎಳೆದು ಮತ್ತೆ ಒರೆಸಿ. ತೊಡೆ ನಡುಗುತ್ತಿದೆ, ಚಳಿಗೋ ಮತ್ತೊಂದಕ್ಕೋ ನಿಮಗೇ ತಿಳಿಯದು. ಎಣಿಕೆ ಈಗಲೂ ಒಂಬತ್ತು, ಹತ್ತು, ಒಂಬತ್ತು. ಆದರೆ ಅಲೆಗಳು ಗುಂಪುಗುಂಪಾಗಿ ಬರುವ ಜಾತಿ. ದೂರದ ಗಾಳಿ ಎಬ್ಬಿಸಿದ ತೆರೆಗಳಲ್ಲಿ ಒಂದರ ಓಟ ಇನ್ನೊಂದಕ್ಕಿಲ್ಲ, ಅವು ಒಂದರ ಹೆಗಲ ಮೇಲೊಂದು ಏರಿದಾಗ ಮೂರೋ ನಾಲ್ಕೋ ದೊಡ್ಡವು ಸಾಲಾಗಿ ಬರುತ್ತವೆ. ಆಗಲೂ ಎಣಿಕೆ ಹತ್ತೇ, ಎತ್ತರ ಮಾತ್ರ ಬೇರೆ. ಬೆನ್ನಿಗೆ ಎತ್ತರ ಕಾಣುವುದಿಲ್ಲ.

ನಾಲ್ಕನೆಯ ಸಲ ಕೈ ಎತ್ತುತ್ತೀರಿ.

ಬಲತುದಿಯಿಂದ ಗ್ಯಾಸ್ ಟ್ಯಾಂಕರಿನ ಮೂತಿ ಒಳಗೆ ಬರುತ್ತದೆ. ಅದೇ ಗಳಿಗೆಗೆ ಘಟ್ಟದ ಮೇಲೆ ಮೋಡ ಹರಿಯುತ್ತದೆ, ಹೊಳೆಯ ಗೆರೆಗೆ ಬೆಂಕಿ ಹತ್ತಿದಂತಾಗುತ್ತದೆ, ಬೂದಿ ಹೋಗಿ ಬೆಳ್ಳಿ. ಟ್ಯಾಂಕರು ನಡುವಿಗೆ ಬರಬೇಕು, ಇನ್ನು ಎರಡೇ ಸೆಕೆಂಡು.

ಪರದೆಯ ಮೇಲೆ ಅಜ್ಜನ ಕೈ ಮೇಲೇರುತ್ತದೆ.

ಕಾಣುತ್ತೀರಿ. ಕಂಡದ್ದು ಖಂಡಿತ. ಹೆಬ್ಬೆಟ್ಟಿನುಗುರಿನಷ್ಟು ಮನುಷ್ಯ, ಕಡ್ಡಿಯಷ್ಟು ಕೈ. ಕೂರಬೇಕು. ಟ್ಯಾಂಕರು ಇನ್ನೂ ಅರ್ಧ ಬಂದಿಲ್ಲ. ಒಂದು. ಕೂರಿ. ಹೊಳೆ ಉರಿಯುತ್ತಿದೆ. ಎರಡು.

ಕ್ಲಿಕ್.

ಮೊದಲು ಬರುವುದು ನೀರಲ್ಲ, ಗಾಳಿ. ಕಲ್ಲಿನ ಸಂದಿಗಳಿಂದೆಲ್ಲ ಒಮ್ಮೆಲೇ 'ಗುಂಯ್' ಎಂದು ತಣ್ಣನೆಯ ಉಸಿರು ಮೇಲೆ ಹೊರಡುತ್ತದೆ, ನಿಮ್ಮ ಅಂಗಿ ಉಬ್ಬುತ್ತದೆ. ಆಮೇಲೆ ಸದ್ದು. ಆಮೇಲೆ ನೀರು, ಸೊಂಟಕ್ಕೆ, ಹಿಂದಿನಿಂದ, ಗೂಳಿ ತಲೆ ಕೊಟ್ಟ ಹಾಗೆ. ಕಾಲಿಲ್ಲ. ಕಲ್ಲಿಲ್ಲ. ಮೊಣಕಾಲು ಯಾವುದಕ್ಕೋ ಬಡಿಯುತ್ತದೆ. ಬಾಯಿ ತುಂಬ ಉಪ್ಪು, ಕಣ್ಣು ತುಂಬ ಬಿಳಿ. ಬಲಗೈಯಲ್ಲಿ ಕ್ಯಾಮೆರಾ, ಎಡಗೈ ಬಿರುಕು ಹುಡುಕುತ್ತದೆ, ಜಾರುತ್ತದೆ, ಚಿಪ್ಪು ಕೊಯ್ಯುತ್ತದೆ, ಹಿಡಿಯುತ್ತದೆ. ಕ್ಯಾಮೆರಾ ಬಿಟ್ಟರೆ ಎರಡು ಕೈ. ಬಿಡುವುದಿಲ್ಲ. ಯಾಕೆ ಅಂತ ಆಮೇಲೆ ಯಾರು ಕೇಳಿದರೂ ಉತ್ತರವಿಲ್ಲ. ನೀರು ಹಿಂದಕ್ಕೆ ಎಳೆಯುತ್ತದೆ. ತಳ್ಳಿದ್ದಕ್ಕಿಂತ ಎಳೆತ ಹೆಚ್ಚು.

"ಏಳ್ಬೇಡಿ! ಇನ್ನೂ ಎರಡ್ ಇತ್ತ್!"

ಓಡಬೇಕು ಅಂತ ಮೈಯ ಒಂದೊಂದು ನರವೂ ಕೂಗುತ್ತದೆ. ಕೂತೇ ಇರುತ್ತೀರಿ. ಎರಡು ಕಲ್ಲಿನ ನಡುವೆ ಸೊಂಟ ತುರುಕಿ, ಕ್ಯಾಮೆರಾವನ್ನು ಅಂಗಿಯೊಳಗೆ ಹೊಟ್ಟೆಗೆ ಅವುಚಿ, ತಲೆ ತಗ್ಗಿಸಿ. ಏಳು. ಎಂಟು. ಒಂಬತ್ತು. ಎರಡನೆಯದು ಹೆಗಲ ಮೇಲೆ ಒಡೆಯುತ್ತದೆ. ಮೂಗಿನ ಬುಡ ಉರಿಯುತ್ತದೆ. ಮತ್ತೆ ಒಂದರಿಂದ. ಜೀವಮಾನದಲ್ಲಿ ಹತ್ತು ಇಷ್ಟು ದೂರ ಇದ್ದದ್ದೇ ಇಲ್ಲ. ಮೂರನೆಯದು ಸಣ್ಣದು, ನೊರೆ ಮಾತ್ರ.

"ಈಗ ಬನ್ನಿ. ಮೆಲ್ಲ ಬನ್ನಿ."

ಕೈಕಾಲು ಊರಿ, ಮಗುವಿನ ಹಾಗೆ ಬರುತ್ತೀರಿ. ದಡದ ಹತ್ತಿರ ಅವರು ತೋಳು ಹಿಡಿಯುತ್ತಾರೆ. ಬೆರಳು ಹಗ್ಗದಂತಿವೆ. ಬೈಯುವುದಿಲ್ಲ. ತಲೆಯ ಬೈರಾಸು ಬಿಚ್ಚಿ ನಿಮ್ಮ ಅಂಗೈಗೆ ಸುತ್ತುತ್ತಾರೆ, ಮೀನಿನ ವಾಸನೆಯ ಬಟ್ಟೆ, ಬೆಚ್ಚಗಿದೆ.

ರಸ್ತೆಬದಿಯ ಗೂಡಂಗಡಿಯಲ್ಲಿ ಶುಂಠಿ ಚಹಾ, ಗೋಳಿಬಜೆ. ಲೋಟ ಹಲ್ಲಿಗೆ ತಾಗಿ ಕಟಕಟ ಅನ್ನುತ್ತದೆ. ಮೊಣಕಾಲ ಚರ್ಮ ಕಿತ್ತು ಬಂದಿದೆ, ಈಗಷ್ಟೇ ಉರಿ ಶುರು. ಅಜ್ಜ ತಾವಾಗಿಯೇ ಮಾತು ತೆಗೆಯುತ್ತಾರೆ, ನಿಮ್ಮದಲ್ಲ, ದಡದ್ದು. "ನಾ ಸಣ್ಣ ಇಪ್ಪತಿಗೆ ಇಲ್ಲೆಲ್ಲ ಹೊಯ್ಗಿ. ದೋಣಿ ಎಳು ಜಾಗ. ಈಗ ಕಲ್ಲ್." ಕಲ್ಲು ಬಂದದ್ದು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳುತ್ತೀರಿ. ಅವರು ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದುತ್ತಾರೆ. "ಕಲ್ಲ್ ಇಲ್ದಿದ್ರೆ ಈ ಅಂಗಡಿ ಇಲ್ಲೆ. ಕಲ್ಲ್ ಇತ್ತ್, ದೋಣಿ ಇಡುಕೆ ಜಾಗ ಇಲ್ಲೆ."

ಆಮೇಲೆ ಕೇಳುತ್ತಾರೆ, ಸುಮ್ಮನೆ ಕೇಳಿದ ಹಾಗೆ. ಕೈ ಎತ್ತಿದ್ದು ಕಾಣಲಿಲ್ಲವಾ?

"ಇಲ್ಲ ಅಜ್ಜ. ನೀರು ಹಾರುತ್ತಿತ್ತಲ್ಲ, ಕಾಣಲಿಲ್ಲ."

ಈ ಸುಳ್ಳು ನನ್ನದು. ಇಷ್ಟು ಹೊತ್ತು ನಿಮ್ಮನ್ನು ಮುಂದೆ ನಿಲ್ಲಿಸಿ ಎಲ್ಲ ನಿಮ್ಮ ಕೈಯಲ್ಲೇ ಮಾಡಿಸಿದೆ, ಇದೊಂದನ್ನಾದರೂ ನಾನೇ ಹೊತ್ತುಕೊಳ್ಳುತ್ತೇನೆ.

ತೊಟ್ಟೆ ಬಿಚ್ಚಿ ಕ್ಯಾಮೆರಾ ಒತ್ತಿದರೆ, ಪುಣ್ಯ, ಪರದೆ ಬೆಳಗುತ್ತದೆ. ಚಿತ್ರ ಬಂದಿದೆ. ದಿಗಂತ ಸ್ವಲ್ಪ ವಾಲಿದೆ, ಎಡಮೂಲೆಯಲ್ಲೊಂದು ಹನಿ. ಆದರೆ ನೊರೆ, ಕಪ್ಪು ಕಲ್ಲು, ಟ್ಯಾಂಕರಿನ ಪೂರ್ತಿ ಉದ್ದ, ಅದರ ಚಕ್ರಗಳ ಮಟ್ಟಕ್ಕೆ ಸರಿಯಾಗಿ ಹಿಂದೆ ಉರಿಯುವ ಹೊಳೆ, ಎಲ್ಲ ಇದೆ. ಮತ್ತೆ ನಟ್ಟನಡುವೆ, ಗುರಿಯಿಟ್ಟು ತೆಗೆದಂತೆ ಸ್ಪಷ್ಟವಾಗಿ, ಬಲಗೈಯನ್ನು ಪೂರ್ತಿ ಮೇಲೆತ್ತಿ, ಬಾಯಿ ತೆರೆದು ಕೂಗುತ್ತಿರುವ ಅಜ್ಜ. ಗೊತ್ತಿಲ್ಲದವರು ಕಂಡರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡಾರು.

ಕ್ಯಾಮೆರಾವನ್ನು ಅವರು ತೋಳುದ್ದ ದೂರ ಹಿಡಿದು ನೋಡುತ್ತಾರೆ. ಬಹಳ ಹೊತ್ತು. ನೂಲು ಕೊಯ್ದು ಗೆರೆಬಿದ್ದ ಬೆರಳಿನಲ್ಲಿ ಪರದೆಯ ಮೇಲಿನ ಆ ಎತ್ತಿದ ಕೈಯನ್ನು ಒಮ್ಮೆ ಮುಟ್ಟುತ್ತಾರೆ.

"ಕೈ ಲಾಯ್ಕ್ ಬಂದಿತ್ತ್."

ನಾನು ಚಹಾ ಕುಡಿಯುತ್ತೇನೆ.

ಬೆರಳು ಹಿಂದಕ್ಕೆ ಸರಿದು ಬೆಳ್ಳಿಯ ಗೆರೆಯ ಮೇಲೆ ನಿಲ್ಲುತ್ತದೆ. "ಹೊಳಿ ಇಷ್ಟೇಯಾ ಬಂದದ್?" ಕ್ಯಾಮೆರಾ ವಾಪಸು ಕೊಡುತ್ತಾರೆ. "ನಾಡಿದ್ದ್ ಅಮಾಸಿಗೆ ಬನ್ನಿ ಮಾರಾಯ್ರೆ. ಅಲ್ಲಿಗೆಲ್ಲ ಹೋಯ್ಕ್ ಅಂದೇಳಿ ಇಲ್ಲೆ, ಕಡ್ಲ್ ಇಲ್ಲೇ ಬತ್ತ್. ಈ ಬೆಂಚಲ್ಲ್ ಕೂಕಂಡೇ ತೆಗಿಲಕ್ಕ್."

ಅಂಗಡಿಯಾಕೆ ನಗುತ್ತಾಳೆ. ನಗುತ್ತಲೇ ಬಗ್ಗಿ, ನೆಲದ ಮೇಲಿದ್ದ ಸಕ್ಕರೆ ಚೀಲವನ್ನು ಎತ್ತಿ ಮೇಲಿನ ಹಲಗೆಗೆ ಇಡುತ್ತಾಳೆ.